ಬದನೆಕಾಯಿ ನಂಜೋ, ಮತ್ತೊಂದೋ? ಬಿಟ್ಟು ನೋಡುವುದು, ತಿಂದು ನೋಡುವುದು



ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಸಭೆ ಮುಗಿಸಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಒಬ್ಬ ಸದಸ್ಯೆ ಮಾತ್ರ ರೊಟ್ಟಿಗೆ ಬರೀ ಬ್ಯಾಳಿ ಹಾಕಿಕೊಂಡು ಬದಿಗೆ ಕುಳಿತಿದ್ದರು. "ಯಾಕವ್ವಾ, ಪಲ್ಯ ಬ್ಯಾಡೇನು?" ಎಂದು ಕೇಳಿದೆವು.

"ನಂಜ ಆಗತೈತ್ರೀ ಸಿಸ್ಟರ್. ಮೈಯೆಲ್ಲಾ ಗಾದರಿ ಏಳತಾವು, ತುರಸ್ತೈತಿ. ಬದನಿಕಾಯಿ ಬಿಟ್ಟು ಮೂರು ವರ್ಷ ಆತು."

ಕೂತು ಮಾತಾಡಿದಾಗ ಉಳಿದದ್ದೂ ಹೊರಬಿತ್ತು. ಬದನೆಕಾಯಿ ಬಿಟ್ಟರೂ ತುರಿಕೆ ನಿಲ್ಲಲಿಲ್ಲ. ಅತ್ತಿ ತತ್ತಿ ಬಿಡು ಅಂದರು, ಬಿಟ್ಟರು. ನೆಗೆಣ್ಣಿ ಶೇಂಗಾ ಉಷ್ಣ ಅಂದರು, ಅದನ್ನೂ ಬಿಟ್ಟರು. ಆಮೇಲೆ ಮೊಸರು, ಆಮೇಲೆ ಮೀನು. ಹೀಗೆ ಒಂದೊಂದೇ ಹೋಗಿ ಕಡೆಗೆ ಉಳಿದದ್ದು ರೊಟ್ಟಿ, ಬ್ಯಾಳಿ, ಯಾವಾಗಾದರೂ ಒಂದೀಟು ಎಳ್ಳಿನ ಹಿಂಡಿ, ದಿನಕ್ಕೆ ನಾಲ್ಕು ಸಲ ಚಹಾ. "ತುರಿಕೆ ಹೋತೇನು?" ಎಂದರೆ, "ಅದೇನು ಹೋಗಿಲ್ರಿ, ಬರತೈತಿ ಹೋಗತೈತಿ" ಎಂದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆವು. ರಕ್ತವೇ ಇಲ್ಲ, ಬೆಳ್ಳಗೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಕಡೆ ಹೋದರೂ ಇಂಥ ತಾಯಂದಿರು ನಮಗೆ ಸಿಗುತ್ತಾರೆ. ನಂಜು ಎಂಬ ಮಾತು ಸುಳ್ಳು ಎಂದು ನಾವು ಹೇಳುವುದಿಲ್ಲ. ತಿಂದದ್ದು ಮೈಗೆ ಆಗದೆ ಇರುವುದು ಉಂಟು, ಅದನ್ನು ನಮ್ಮ ಹಿರಿಯರು ಕಂಡವರೇ. ಆದರೆ ನಾವು ಅರ್ಧ ಕೆಲಸ ಮಾತ್ರ ಮಾಡುತ್ತೇವೆ. ಬಿಡುತ್ತೇವೆ, ಮತ್ತೆ ತಿಂದು ನೋಡುವುದಿಲ್ಲ. ಒಮ್ಮೆ ಬಿಟ್ಟದ್ದು ಜೀವಮಾನವಿಡೀ ಬಿಟ್ಟಂತೆ. ಅನುಮಾನ ಒಂದರ ಮೇಲೆ, ಶಿಕ್ಷೆ ಮಾತ್ರ ಐದಕ್ಕೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅಂಥಲ್ಲಿ ತತ್ತಿ, ಶೇಂಗಾ, ಮೊಸರು, ಮೀನು ಎಲ್ಲವನ್ನೂ ಅನುಮಾನದ ಮೇಲೆ ಬಿಟ್ಟರೆ ಉಳಿಯುವುದೇನು?

ವೈದ್ಯರು ಮಾಡಿಸುವ ಒಂದು ಕ್ರಮ ಇದೆ. ಎಲಿಮಿನೇಷನ್ ಡಯಟ್ ಎನ್ನುತ್ತಾರೆ. ಅಮೆರಿಕದಲ್ಲಿ ಆಲ್ಬರ್ಟ್ ರೋವ್ ಎಂಬ ವೈದ್ಯರು 1920ರ ದಶಕದಿಂದಲೇ ಇದನ್ನು ಬಳಕೆಗೆ ತಂದರು. ಅನುಮಾನ ಇರುವ ಪದಾರ್ಥವನ್ನು ಕೆಲವು ವಾರ ಪೂರ್ತಿ ಬಿಡುವುದು, ತೊಂದರೆ ಕಡಿಮೆಯಾಯಿತೇ ನೋಡುವುದು, ನಂತರ ಒಂದೊಂದೇ ತಿರುಗಿ ತಿಂದು ನೋಡುವುದು, ಎಲ್ಲವನ್ನೂ ಬರೆದಿಡುವುದು. ನಮ್ಮ ಪಥ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೊನೆಯ ಎರಡು ಕೆಲಸಗಳಲ್ಲಿದೆ.

ಅಲರ್ಜಿ ಬೇರೆ, ಒಗ್ಗದಿರುವುದು ಬೇರೆ

ಅಲರ್ಜಿ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬ ಮಕ್ಕಳ ವೈದ್ಯರು ಹುಟ್ಟುಹಾಕಿದರು. ನಮ್ಮ ಮೈಯಲ್ಲಿ ರೋಗಗಳ ವಿರುದ್ಧ ಕಾವಲು ಕಾಯುವ ಶಕ್ತಿ ಇದೆಯಲ್ಲ, ಅದು ಕೆಲವೊಮ್ಮೆ ಒಳ್ಳೆಯ ಆಹಾರವನ್ನೇ ಶತ್ರು ಎಂದು ತಿಳಿದು ಮೇಲೆ ಬೀಳುತ್ತದೆ. ಆಗ ದದ್ದು, ತುಟಿ ಊತ, ವಾಂತಿ, ಉಬ್ಬಸ ಬರುತ್ತವೆ. ಸಾಮಾನ್ಯವಾಗಿ ತಿಂದ ಕೆಲವು ನಿಮಿಷದಿಂದ ಎರಡು ತಾಸಿನೊಳಗೆ ಬರುತ್ತವೆ, ತುಸು ತಿಂದರೂ ಬರುತ್ತವೆ.

ಒಗ್ಗದಿರುವುದು ಹೊಟ್ಟೆಯ ವಿಷಯ. ಇದಕ್ಕೆ ಹಾಲೇ ಒಳ್ಳೆಯ ಉದಾಹರಣೆ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ರಸ ಎಳೆಯ ಮಕ್ಕಳಲ್ಲಿ ಚೆನ್ನಾಗಿರುತ್ತದೆ, ದೊಡ್ಡವರಾದಂತೆ ನಮ್ಮಲ್ಲಿ ಬಹಳ ಜನರಿಗೆ ಕಡಿಮೆಯಾಗುತ್ತದೆ. ಅಂಥವರು ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಚಹಾದಲ್ಲಿನ ಹಾಲು ಏನೂ ಮಾಡುವುದಿಲ್ಲ. ಮೊಸರು, ಮಜ್ಜಿಗೆಯಲ್ಲಿ ಆ ಸಕ್ಕರೆ ಕಡಿಮೆ, ಅರಗುವುದೂ ಸುಲಭ, ಆದ್ದರಿಂದ ಅವು ಹೆಚ್ಚಿನವರಿಗೆ ಒಗ್ಗುತ್ತವೆ. 2013ರಲ್ಲಿ ಕ್ಷೀರಭಾಗ್ಯ ಶುರುವಾಗಿ ಶಾಲೆಯಲ್ಲಿ ಹಾಲು ಕೊಡತೊಡಗಿದ ಮೇಲೆ, "ನನ್ನ ಮಗನಿಗೆ ಹಾಲು ಅಲರ್ಜಿ ಐತ್ರಿ" ಎಂದು ಹೇಳುವ ತಾಯಂದಿರನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ಮೊಸರು ತಿಂತಾನೇನು ಎಂದರೆ, ಬಟ್ಟಲುಗಟ್ಟಲೆ ತಿಂತಾನೆ! ಹಾಗಿದ್ದರೆ ಬಹುಶಃ ಅದು ಅಲರ್ಜಿ ಅಲ್ಲ. ಮೊಸರನ್ನೂ ಬಿಡಿಸಬೇಕಾಗಿಲ್ಲ.

ಮೈಸೂರಿನವರು ಬದನೆಕಾಯಿಯನ್ನು ಪರೀಕ್ಷೆ ಮಾಡಿದ ಕಥೆ

ನಮ್ಮ ಬದನೆಕಾಯಿಯ ಮೇಲಿನ ಆರೋಪವನ್ನು ವಿಜ್ಞಾನಿಗಳೂ ವಿಚಾರಣೆ ಮಾಡಿದ್ದಾರೆ ಎಂದರೆ ನಿಮಗೆ ಆಶ್ಚರ್ಯವಾದೀತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಅಲ್ಲಿನ ಅಲರ್ಜಿ ವೈದ್ಯರೊಂದಿಗೆ ಸೇರಿ 741 ಜನರನ್ನು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ ಸುಮಾರು 9 ಜನರಲ್ಲಿ ಬದನೆಕಾಯಿಯ ಸೂಕ್ಷ್ಮತೆ ಕಂಡಿತು, ಅದೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಆದರೆ ಮೈಯ ಕಾವಲು ಶಕ್ತಿ ತಪ್ಪು ತಿಳಿದು ಬರುವ ಖರೆ ಅಲರ್ಜಿ ಎಂದು ಖಚಿತವಾದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಬದನೆಕಾಯಿಯಲ್ಲಿ ತುರಿಕೆ ತರುವ ಹಿಸ್ಟಮಿನ್ ಎಂಬ ಅಂಶ ತಾನಾಗಿಯೇ ಇರುವುದರಿಂದ ಕೆಲವರಿಗೆ ಅಲರ್ಜಿ ಇಲ್ಲದೆಯೂ ಬಾಯಿ, ಗಂಟಲು ತುರಿಸುತ್ತದೆ. ಅಂದರೆ ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಅನ್ವಯಿಸುವುದಿಲ್ಲ.

ಇನ್ನೊಂದು ಅಧ್ಯಯನವೂ ನಮ್ಮ ರಾಜ್ಯದ್ದೇ. ಯುರೋಪಿನವರೊಂದಿಗೆ ಕೂಡಿ ಬೆಂಗಳೂರು ಮತ್ತು ಮೈಸೂರು ಕಡೆಯ ದೊಡ್ಡವರಲ್ಲಿ ನಡೆಸಿದ್ದು, 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 26 ಜನರಿಗೆ ಯಾವುದೋ ಒಂದು ಆಹಾರಕ್ಕೆ ಪ್ರತಿಕ್ರಿಯೆ ತೋರಿತು. ತಿಂದಾಗ ನಿಜವಾಗಿ ತೊಂದರೆಯೂ ಆಗಿ, ರಕ್ತವೂ ಅದನ್ನೇ ಹೇಳಿದ್ದು ನೂರಕ್ಕೆ ಒಬ್ಬರ ಆಸುಪಾಸು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬದನೆಕಾಯಿಗೆ ಕೆಟ್ಟ ಹೆಸರು ಬರಲು ನಮ್ಮ ಅಡುಗೆಯೂ ಕಾರಣ ಎಂದು ನಮಗೆ ಅನ್ನಿಸುತ್ತದೆ. ಎಣ್ಣೆಗಾಯಿಗೆ ಏನೇನು ಹಾಕುತ್ತೇವೆ ಎಣಿಸಿ ನೋಡಿ. ಶೇಂಗಾ ಪುಡಿ, ಎಳ್ಳು, ಗುರೆಳ್ಳು, ಒಣ ಕೊಬ್ಬರಿ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಹುಣಸೆ, ಮಸಾಲೆ ಖಾರ. ಎಂಟು ಮಂದಿ ಕೂಡಿ ಬಂದ ಮನೆಯಲ್ಲಿ ಏನೋ ಕಳುವಾದರೆ, ಎದುರಿಗೆ ಕಾಣುವವನ ಹೆಸರು ಹೇಳಿದ ಹಾಗೆ ಆಯಿತು. ಶೇಂಗಾ, ಎಳ್ಳು ಇವು ಜಗತ್ತಿನ ಎಲ್ಲ ಕಡೆ ಅಲರ್ಜಿಗೆ ಹೆಸರಾದ ಪದಾರ್ಥಗಳು. ಹಾಲು, ತತ್ತಿ, ಗೋಧಿ, ಸೋಯಾ, ಮೀನು, ಸೀಗಡಿ, ಗೋಡಂಬಿಯಂಥ ಬೀಜಗಳೂ ಆ ಸಾಲಿನವೇ. ಬದನೆಕಾಯಿ ಆ ಸಾಲಿನಲ್ಲಿ ಇಲ್ಲ.

ಯಾರು ಮನೆಯಲ್ಲಿ ಮಾಡಬಾರದು

ವಿಧಾನ ಹೇಳುವ ಮೊದಲು ಇದನ್ನು ಹೇಳಿಬಿಡುತ್ತೇವೆ. ಏನಾದರೂ ತಿಂದ ಕೂಡಲೇ ತುಟಿ, ನಾಲಿಗೆ ಊದಿಕೊಂಡಿದ್ದರೆ, ಉಸಿರು ಕಟ್ಟಿದ್ದರೆ, ಗಂಟಲು ಬಿಗಿದಿದ್ದರೆ, ತಲೆಸುತ್ತಿ ಬಿದ್ದಿದ್ದರೆ, ಆ ಪದಾರ್ಥವನ್ನು "ನೋಡೋಣ" ಎಂದು ಒಂದು ಚೂರೂ ಬಾಯಿಗೆ ಹಾಕಬೇಡಿ. ಮುಂದಿನ ಸಲ ಜೀವಕ್ಕೇ ಬರಬಹುದು. ಹಾಗೆ ಆದಾಗ ಲಿಂಬು ರಸ, ಮಜ್ಜಿಗೆ, ಮಂತ್ರ ಎಂದು ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ. ಅದಕ್ಕೆ ಔಷಧ ಅಡ್ರಿನಲಿನ್ ಚುಚ್ಚುಮದ್ದು, ತುರಿಕೆಯ ಗುಳಿಗೆ ಅಲ್ಲ. ಆಸ್ಪತ್ರೆಗೆ ಹೋಗುವಾಗ ಮಲಗಿಸಿ ಕರೆದೊಯ್ಯಿರಿ. ಉಸಿರಾಟ ಕಷ್ಟವಾದರೆ ಕೂಡಿಸಿ, ಎಬ್ಬಿಸಿ ನಡೆಸಬೇಡಿ.

ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಬಹಳ ಸೊರಗಿದವರು ವೈದ್ಯರನ್ನು ಕೇಳದೆ ಈ ಪ್ರಯೋಗ ಮಾಡಬಾರದು. ಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ಇಸುಬು ಇರುವ ಮಗುವಿಗೆ ಹಾಲನ್ನೋ ತತ್ತಿಯನ್ನೋ ಬಹಳ ದಿನ ಬಿಡಿಸಿ ತಿರುಗಿ ಕೊಟ್ಟಾಗ, ಮೊದಲು ಬರೀ ತುರಿಕೆ ತರುತ್ತಿದ್ದುದು ದೊಡ್ಡ ಅಲರ್ಜಿಯಾಗಿ ತಿರುಗಿದ್ದುಂಟು. ಮುಂಜಾಗ್ರತೆ ಎಂದು ಕೂಸುಗಳಿಗೆ ಶೇಂಗಾ ಮುಟ್ಟಿಸದಿರುವುದೂ ಒಳ್ಳೆಯದಲ್ಲ. ಲಂಡನ್ನಿನಲ್ಲಿ ಇಸುಬು ಅಥವಾ ತತ್ತಿ ಅಲರ್ಜಿ ಇದ್ದ 640 ಕೂಸುಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಬಂತು. ವರ್ಷ ತುಂಬುವ ಮೊದಲೇ ವೈದ್ಯರ ನಿಗಾದಲ್ಲಿ ಶೇಂಗಾ ತಿನ್ನಿಸತೊಡಗಿದ ಮಕ್ಕಳಿಗೆ ಐದನೇ ವಯಸ್ಸಿಗೆ ಶೇಂಗಾ ಅಲರ್ಜಿ ಬಹಳ ಕಡಿಮೆ, ದೂರ ಇಟ್ಟ ಮಕ್ಕಳಿಗೇ ಹೆಚ್ಚು. (ಕೊಡುವುದಾದರೆ ನುಣ್ಣಗೆ ಅರೆದು ಕೊಡಿ. ಇಡೀ ಕಾಳು ಗಂಟಲಿಗೆ ಸಿಕ್ಕುತ್ತದೆ.)

ಮೊದಲು ಪುಸ್ತಕ

ಸಂಘದಲ್ಲಿ ಹತ್ತು ರೂಪಾಯಿ ಉಳಿತಾಯಕ್ಕೂ ಪುಸ್ತಕ ಇಡುವ ನಾವು ನಮ್ಮ ಹೊಟ್ಟೆಗೆ ಒಂದು ಪುಸ್ತಕ ಇಡಲಾರೆವೇನು? ಏನನ್ನೂ ಬಿಡುವ ಮೊದಲು ಎರಡು ವಾರ ದಿನಾ ಬರೆಯಿರಿ. ಏನು ತಿಂದಿರಿ, ಎಷ್ಟೊತ್ತಿಗೆ, ತೊಂದರೆ ಏನು ಬಂತು, ಎಷ್ಟೊತ್ತಿಗೆ ಬಂತು. ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳ ಕೈಲಿ ಬರೆಸಿ. ಅಂದು ಮಾಡಿದ ಕೆಲಸವನ್ನೂ, ನುಂಗಿದ ಗುಳಿಗೆಯನ್ನೂ ಬರೆಯುವುದನ್ನು ಮರೆಯಬೇಡಿ. ಕಳೆ ತೆಗೆಯಲು ಹೋಗಿದ್ದಿರೋ, ಹತ್ತಿಗೆ ಎಣ್ಣೆ ಹೊಡೆದಿದ್ದರೋ, ಹೊಸ ಸೋಪಿನ ಪುಡಿ ತಂದಿದ್ದಿರೋ. ಮೈಕೈ ನೋವಿನ ಗುಳಿಗೆಗಳಿಂದಲೇ ಕೆಲವರಿಗೆ ಗಾದರಿ ಏಳುತ್ತವೆ. ಕೂಲಿಗೆ ಹೋಗಿ ಬಂದ ರಾತ್ರಿ ಗುಳಿಗೆ ನುಂಗಿ, ಬೆಳಿಗ್ಗೆ ತುರಿಕೆ ಬಂದಾಗ ಹಿಂದಿನ ದಿನದ ಬುತ್ತಿಯನ್ನು ಬೈಯುತ್ತೇವೆ.

ಮುಖ, ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈ ಮಡಚಿನಲ್ಲಿ ಮಾತ್ರ ಚರ್ಮ ಕಪ್ಪಾಗಿ ದಪ್ಪಗಾಗಿ ತುರಿಸುತ್ತಿದ್ದರೆ ಹೊಲದ ಬದುವಿನ ಕಾಂಗ್ರೆಸ್ ಕಸವನ್ನು ಮೊದಲು ಅನುಮಾನಿಸಿ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡು ದೇಶವೆಲ್ಲಾ ಹಬ್ಬಿದ ಈ ಕಸ ಸೋಕಿದರೆ ಸಾಕು, ಚರ್ಮ ಕೆಡುತ್ತದೆ. ಅದಕ್ಕೆ ಎಷ್ಟು ಪಥ್ಯ ಮಾಡಿದರೂ ವ್ಯರ್ಥ. ಹಾಗೆಯೇ ಆರು ವಾರ ಮೀರಿ ದಿನಾ ಬರುವ ಗಾದರಿಗೆ ಬಹುತೇಕ ಆಹಾರ ಕಾರಣವಾಗಿರುವುದಿಲ್ಲ, ಚರ್ಮದ ವೈದ್ಯರಿಗೆ ತೋರಿಸಬೇಕು.

ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇನ್ನೊಂದು ಮಾತು. ಮಂಡಿ, ಸೊಂಟ, ಕುತ್ತಿಗೆ ಬಿಗಿಯುತ್ತವೆ ಎಂದು ವಾಯು ಪದಾರ್ಥ ಬಿಡುವವರು ಬಹಳ. ಆಲೂಗಡ್ಡೆ, ಕಡಲೆ, ಬದನೆಕಾಯಿ, ಕೊನೆಗೆ ಹಾಲು. ನಿಮ್ಮ ಊರಿನ ಮಕ್ಕಳ ಹಲ್ಲು ಕಂದುಗಟ್ಟಿವೆಯೇ ನೋಡಿ. ಈ ಭಾಗದ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಆ ನೋವಿಗೆ ಔಷಧ ಒಳ್ಳೆಯ ನೀರು. ಜೊತೆಗೆ ಹಾಲು, ಮೊಸರು, ರಾಗಿ, ಸೊಪ್ಪು ಹೆಚ್ಚು ತಿನ್ನಬೇಕು, ಸುಣ್ಣದ ಅಂಶ ಕಡಿಮೆಯಾದ ಮೈಗೆ ಫ್ಲೋರೈಡ್ ಇನ್ನೂ ಕೆಡುಕು ಮಾಡುತ್ತದೆ. ನಂಜು ಎಂದು ಹಾಲು ಬಿಟ್ಟರೆ ಬೇನೆಗೆ ನಾವೇ ಕೈಕೊಟ್ಟಂತೆ. ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆ ಕೇಳಿ, ಸಂಘದ ಠರಾವು ಬರೆದು ಕೊಡಿ.

ಬಿಡುವುದು

ಎರಡು ವಾರದ ಪುಸ್ತಕ ನೋಡಿದರೆ ಒಂದೋ ಎರಡೋ ಹೆಸರು ಕಣ್ಣಿಗೆ ಬೀಳುತ್ತವೆ. ಅವನ್ನು ಮಾತ್ರ ಬಿಡಿ. ಎರಡರಿಂದ ನಾಲ್ಕು ವಾರ. ಬಿಡುವುದೆಂದರೆ ಪೂರ್ತಿ ಬಿಡಬೇಕು. ಶೇಂಗಾ ಬಿಟ್ಟವರು ಹಿಂಡಿ, ಉಂಡಿ, ಎಣ್ಣೆಗಾಯಿಯ ಪುಡಿ, ಚುರುಮುರಿ ಒಗ್ಗರಣೆ, ಚಿಕ್ಕಿ, ಗಾಣದ ಶೇಂಗಾ ಎಣ್ಣೆ ಎಲ್ಲವನ್ನೂ ಬಿಡಬೇಕು. ಹಾಲು ಬಿಟ್ಟವರಿಗೆ ಬೇಕರಿ ಬ್ರೆಡ್ಡು, ಬಿಸ್ಕೀಟು, ಪೇಡೆಯಲ್ಲೂ ಹಾಲು ಇರುತ್ತದೆ. ಪೊಟ್ಟಣದ ಮೇಲೆ ಏನೇನಿದೆ ಎಂದು ಬರೆದಿರುತ್ತಾರೆ, ಮಕ್ಕಳ ಕೈಲಿ ಓದಿಸಿ. ಬೇರೆಯವರ ಊಟಕ್ಕೆ ಬಳಸಿದ ಸೌಟನ್ನೇ ಅದ್ದಬೇಡಿ.

ಬಿಟ್ಟದ್ದಕ್ಕೆ ಬದಲಿ ಬೇಕು. ತತ್ತಿ ಬಿಟ್ಟರೆ ಹೆಸರುಕಾಳು, ಮಡಿಕೆಕಾಳು, ತೊಗರಿಬೇಳೆ, ಝುಣಕ ಹೆಚ್ಚಿಸಿ. ಹಾಲು ಬಿಟ್ಟರೆ ರಾಗಿ, ಮೆಂತೆಪಲ್ಯ, ನುಗ್ಗೆಸೊಪ್ಪು. ಗೋಧಿ ಬಿಡುವುದು ನಮಗೆ ಕಷ್ಟವಲ್ಲ, ಜೋಳ, ಸಜ್ಜೆ, ನವಣೆ ಇವೆ, ಗಂಗಾವತಿ ಕಡೆ ಅನ್ನವಂತೂ ಇದ್ದೇ ಇದೆ. ಆದರೆ ಗೋಧಿಯ ಮೇಲೆ ಅನುಮಾನ ಇದ್ದವರು ಬಿಡುವ ಮೊದಲೇ ವೈದ್ಯರಲ್ಲಿ ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ ಮಾಡಿಸಬೇಕು. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.

ದಿನ ನೋಡಿ ಶುರು ಮಾಡಿ. ಮನೆಯಲ್ಲಿ ಮದುವೆ ಇಟ್ಟುಕೊಂಡು, ಇಲ್ಲವೇ ಗವಿಮಠದ ಜಾತ್ರೆಯ ಹೊತ್ತಿಗೆ ಈ ವ್ರತ ಹಿಡಿದರೆ ದಾಸೋಹದ ಮಾದಲಿಯ ಮುಂದೆ ಯಾರ ಮನಸ್ಸು ನಿಲ್ಲುತ್ತದೆ? ತುರಿಕೆಗೆ ದಿನಾ ಗುಳಿಗೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ. ಗುಳಿಗೆ ತುರಿಕೆಯನ್ನು ಮುಚ್ಚಿಡುತ್ತದೆ, ಆಗ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ನಾಲ್ಕು ವಾರ ಸರಿಯಾಗಿ ಬಿಟ್ಟರೂ ತೊಂದರೆ ಹಾಗೆಯೇ ಇದ್ದರೆ ಆ ಪದಾರ್ಥದ ತಪ್ಪಿಲ್ಲ. ಅದನ್ನು ಅಂದಿನಿಂದಲೇ ತಿನ್ನಬೇಕು. ಇನ್ನಷ್ಟು ಬಿಟ್ಟು ನೋಡೋಣ ಎಂದು ಮುಂದುವರಿಸಬೇಡಿ.

ತಿಂದು ನೋಡುವುದು

ತೊಂದರೆ ಕಡಿಮೆಯಾದರೂ ಕೆಲಸ ಮುಗಿಯಲಿಲ್ಲ. ತಾನಾಗಿಯೇ ಕಡಿಮೆಯಾಗಿರಬಹುದು, ಸುಗ್ಗಿಯ ಧೂಳು ಹೋಗಿ ಕಡಿಮೆಯಾಗಿರಬಹುದು. ಆದ್ದರಿಂದ ತಿರುಗಿ ತಿನ್ನಬೇಕು, ಒಂದು ಸಲಕ್ಕೆ ಒಂದೇ ಪದಾರ್ಥ, ಬೇರೆ ಏನೂ ಬೆರೆಸದೆ. ಬದನೆಕಾಯಿ ಆದರೆ ಉಪ್ಪು, ಎಣ್ಣೆ ಮಾತ್ರ ಹಾಕಿ ಬೇಯಿಸಿದ್ದು. ಶೇಂಗಾ ಆದರೆ ಹುರಿದದ್ದು. ಬೆಳಿಗ್ಗೆ ಹೊತ್ತಿನಲ್ಲಿ, ಮನೆಯಲ್ಲಿ ಇನ್ನೊಬ್ಬರು ಇರುವಾಗ, ಮೊದಲು ಒಂದು ತುತ್ತು. ಎರಡು ತಾಸು ಕಾಯಿರಿ. ಏನೂ ಆಗದಿದ್ದರೆ ಮಧ್ಯಾಹ್ನ ಇನ್ನಷ್ಟು, ಮರುದಿನ ದಿನಾ ತಿನ್ನುವಷ್ಟು. ಆಮೇಲೆ ಎರಡು ದಿನ ಅದನ್ನು ಬಿಟ್ಟು ಪುಸ್ತಕ ನೋಡಿ, ಹೊಟ್ಟೆಯ ತೊಂದರೆ, ಇಸುಬು ತಡವಾಗಿ ಬರುತ್ತವೆ. ಏನೂ ಇಲ್ಲವೆಂದರೆ ಆ ಪದಾರ್ಥ ಬಿಡುಗಡೆಯಾಯಿತು, ಮುಂದಿನದನ್ನು ತೆಗೆದುಕೊಳ್ಳಿ. ತೊಂದರೆ ಬಂದರೆ ಅಲ್ಲಿಗೇ ನಿಲ್ಲಿಸಿ, ಮೈ ಪೂರ್ತಿ ತಿಳಿಯಾದ ಮೇಲೆ ಮಾತ್ರ ಬೇರೆಯದನ್ನು ಶುರು ಮಾಡಿ.

ಈ ತಾಳ್ಮೆ ಇಲ್ಲದೆ ದುಡ್ಡಿನ ದಾರಿ ಹಿಡಿದವರೂ ಇದ್ದಾರೆ. ಒಬ್ಬ ಸದಸ್ಯೆ ಸಂಘದಿಂದ ಸಾಲ ಪಡೆದು ದೊಡ್ಡ ಊರಿಗೆ ಹೋಗಿ ಒಂದೇ ಸಲಕ್ಕೆ ನೂರಾರು ಆಹಾರ ಪರೀಕ್ಷಿಸುವ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರು. ಚೀಟಿಯಲ್ಲಿ ಮೂವತ್ತು ಪದಾರ್ಥಕ್ಕೆ ಕೆಂಪು ಗುರುತು, ಅದರಲ್ಲಿ ಅವರು ಹುಟ್ಟಿದಾಗಿನಿಂದ ಸುಖವಾಗಿ ತಿಂದ ತೊಗರಿಬೇಳೆಯೂ ಇತ್ತು. ಐಜಿಜಿ ಎಂಬ ಅಂಶ ಅಳೆಯುವ ಇಂಥ ಪರೀಕ್ಷೆಗಳು ನೀವು ಏನು ತಿನ್ನುತ್ತೀರಿ ಎಂದು ತೋರಿಸುತ್ತವೆಯೇ ಹೊರತು ಏನು ಒಗ್ಗದು ಎಂದಲ್ಲ, ಅಲರ್ಜಿ ತಜ್ಞರು ಇದನ್ನು ಒಪ್ಪುವುದಿಲ್ಲ. ಐಜಿಇ ಎಂಬ ಪರೀಕ್ಷೆ ಉಪಯೋಗದ್ದು, ಆದರೆ ಮೇಲೆ ಹೇಳಿದ ಬೆಂಗಳೂರು, ಮೈಸೂರಿನ ಲೆಕ್ಕ ನೆನಪಿಸಿಕೊಳ್ಳಿ. ರಕ್ತದಲ್ಲಿ ಕಂಡವರು 26, ಖರೆ ತೊಂದರೆ ಇದ್ದವರು ಒಬ್ಬರು. ವೈದ್ಯರು ನಿಮ್ಮ ಪುಸ್ತಕ ನೋಡಿ ಇಂಥದ್ದೇ ಬೇಕು ಎಂದರೆ ಮಾಡಿಸಿ. ಆ ತಾಯಿಯ ಸಾಲ ತೀರಲು ಹತ್ತು ತಿಂಗಳು ಹಿಡಿಯಿತು.

ಯಲಬುರ್ಗಾ ಕಡೆಯ ನಮ್ಮ ಸದಸ್ಯೆಗೆ ಖರ್ಚಾದದ್ದು ಒಂದು ನೋಟುಬುಕ್ಕಿನ ದುಡ್ಡು, ಬಸ್ಸಿನ ದುಡ್ಡು. ಏಳನೇ ಇಯತ್ತೆಯ ಮಗಳು ಎರಡು ವಾರ ಬರೆದಳು. ಮೂರು ದಿನ ಗಾದರಿ ಎದ್ದಿದ್ದವು. ಆ ಮೂರು ದಿನವೂ ಬದನೆಕಾಯಿ ಇಲ್ಲ, ತತ್ತಿ ಇಲ್ಲ, ಶೇಂಗಾ ಇಲ್ಲ. ಎರಡು ದಿನ ಎಳ್ಳಿನ ಹಿಂಡಿ, ಒಂದು ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಶೇಂಗಾ ಉಷ್ಣ, ಎಳ್ಳು ಒಳ್ಳೇದು ಎಂದು ಯಾರೋ ಹೇಳಿದ್ದರಿಂದ ಆಕೆ ಬದಲಿಯಾಗಿ ಹಿಡಿದದ್ದೇ ಅದು! ಮೂರು ವಾರ ಎಳ್ಳು ಬಿಟ್ಟಾಗ ಒಂದು ಗಾದರಿಯೂ ಏಳಲಿಲ್ಲ. ನಂತರ ಬದನೆಕಾಯಿ ತಿಂದು ನೋಡಿದರು, ಆಮೇಲೆ ಮೊಸರು, ತತ್ತಿ, ಶೇಂಗಾ, ಕೊನೆಗೆ ಮೀನು. ಏನೂ ಆಗಲಿಲ್ಲ. "ಮೂರು ವರ್ಷ ಸುಮ್ಮನ ಬಿಟ್ಟಿದ್ನೆಲ್ರೀ ಸಿಸ್ಟರ್" ಎಂದು ನಕ್ಕರು, ಕಣ್ಣಲ್ಲಿ ನೀರೂ ಇತ್ತು.

ಎಳ್ಳನ್ನು ಮಾತ್ರ ಮನೆಯಲ್ಲಿ ತಿಂದು ನೋಡಲು ನಾವು ಬಿಡಲಿಲ್ಲ. ತಿಂದ ಅರ್ಧ ತಾಸಿಗೇ ಗಾದರಿ ಏಳುತ್ತಿದ್ದವು, ಅದು ಮನೆಯಲ್ಲಿ ಪರೀಕ್ಷೆ ಮಾಡುವ ಜಾತಿಯದಲ್ಲ. ನೋಟುಬುಕ್ಕು ಹಿಡಿದು ವೈದ್ಯರ ಬಳಿ ಹೋದೆವು. ಅವರು ಚರ್ಮದ ಪರೀಕ್ಷೆ ಮಾಡಿಸಿ, ಎಳ್ಳು, ಎಳ್ಳೆಣ್ಣೆ ಪೂರ್ತಿ ಬಿಡಬೇಕು, ಉಳಿದದ್ದೆಲ್ಲ ತಿನ್ನಬೇಕು ಎಂದರು, ರಕ್ತ ಹೆಚ್ಚಲು ಕಬ್ಬಿಣದ ಗುಳಿಗೆ ಕೊಟ್ಟರು. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಆಕೆಯ ಬುತ್ತಿಯಲ್ಲಿ ಎಳ್ಳಿಲ್ಲದ ಸಜ್ಜಿ ರೊಟ್ಟಿ ಇತ್ತು, ಬದನೆಕಾಯಿ ಎಣ್ಣೆಗಾಯಿ ಇತ್ತು.